ಅಪ್‌ಡೇಟ್: ಮುಸ್ತಾಂಗ್ ಸೈಕಲ್ ಪ್ರವಾಸ ಮುಗಿಸಿ ಬಂದೆ

ನೇಪಾಳದ ಮುಸ್ತಾಂಗ್‌ಗೆ ಗೈಡ್ ಜೊತೆ ಗುಂಪಿನಲ್ಲಿ ಮೌಂಟನ್ ಬೈಕಿಂಗ್ ಹೋಗಲು ನಂದಿ ಬೆಟ್ಟ ಹತ್ತಿದ ಅಭ್ಯಾಸ ಸಾಕಾ, ಸೈಕಲ್ ಇಲ್ಲಿಂದಲೇ ಒಯ್ಯಲಾ ಅಂತ ಕೇಳಿದ್ದೆ. ಹೋಗಿ ಬಂದೆ!

ಕಾಲು ಸೋಲಲಿಲ್ಲ, ಉಸಿರು ಸಾಲಲಿಲ್ಲ. ಮುಕ್ತಿನಾಥ 3,700 ಮೀಟರ್‌ಗಿಂತ ಎತ್ತರ ಅಲ್ವಾ? ಅದಕ್ಕಿಂತ ಕೆಳಗಿರುವ ಕಾಗ್‌ಬೇನಿ ಹಳ್ಳಿಯಲ್ಲಿ ರಾತ್ರಿ ತಂಗಿದ್ದರಿಂದ ಮೈ ಸ್ವಲ್ಪ ಒಗ್ಗಿತು. ಗುಂಪಿನಲ್ಲಿ ಹಿಂದೆ ಬಿದ್ದವರ ಜೊತೆಗೇ ಇರಲು ಇನ್ನೊಬ್ಬ ಗೈಡ್ ಇದ್ದರು, ಹಾಗಾಗಿ ಮುಜುಗರವೂ ಆಗಲಿಲ್ಲ.

ನಿಜವಾದ ಕಷ್ಟ ಮುಕ್ತಿನಾಥದಿಂದ ಲುಬ್ರಾ ಹಳ್ಳಿ ಕಡೆಗಿನ ಇಳಿಜಾರಿನದ್ದು. ಸಡಿಲ ಜಲ್ಲಿ, ಗಕ್ಕನೆ ತಿರುಗುವ ದಾರಿ. ಬ್ರೇಕ್ ಹಿಡಿದೂ ಹಿಡಿದೂ ಬೆರಳು ಮರಗಟ್ಟಿದವು. ಕೆಳಗೆ ಕಾಳಿ ಗಂಡಕಿ ಕಣಿವೆಯಲ್ಲಿ ಮಧ್ಯಾಹ್ನದ ಎದುರುಗಾಳಿ, ಬಾಯಿ ತುಂಬ ಮರಳು. ಜೋಮ್‌ಸೋಮ್ ಪಟ್ಟಣದ ಕಡೆಗೆ ಇಳಿಯುವಾಗಲೂ ಪೆಡಲ್ ತುಳಿಯಬೇಕು! ಬೆಳಗ್ಗೆ ಬೇಗ ಹೊರಡಿ.

ಸೈಕಲ್ ಅಲ್ಲೇ ಬಾಡಿಗೆಗೆ ತಗೊಂಡೆ. ಹೆಲ್ಮೆಟ್, ಗ್ಲೌಸ್ ಮಾತ್ರ ನನ್ನವು. ಹತ್ತುವ ಮೊದಲು ಬ್ರೇಕ್ ಪ್ಯಾಡ್ ನೋಡಿಕೊಳ್ಳಿ.