ಪಿಂಚಣಿಯಲ್ಲಿ ಅರ್ಧ ಸಿಗುತ್ತಾ?

ಪ್ರಶ್ನೆ, ಬೆಳಗಾವಿ: ಮದುವೆಯಾಗಿ 17 ವರ್ಷ. ಯಜಮಾನರು ಮಿಲಿಟರಿಯಿಂದ ನಿವೃತ್ತರು, ಕಾಲಿನ ಗಾಯಕ್ಕೆ ಅಂಗವೈಕಲ್ಯ ಪಿಂಚಣಿಯೂ ಬರುತ್ತೆ. ಇಬ್ಬರೂ ಒಪ್ಪಿ ವಿಚ್ಛೇದನಕ್ಕೆ ಹೊರಟಿದ್ದೀವಿ. ಪಿಂಚಣಿಯಲ್ಲಿ ಅರ್ಧ ನಿಂದೇ ಅಂತಾನೆ ಅಣ್ಣ. ಅಂಗವೈಕಲ್ಯದ ದುಡ್ಡು ಮುಟ್ಟೋಕೇ ಆಗಲ್ಲ ಅಂತಾರೆ ಇವರು. ಇದನ್ನ ದಾಟಿ ಬಂದವರು ಯಾರಾದ್ರೂ ಇದ್ದೀರಾ?

ಮಡಿಕೇರಿ: ನಾನಿದ್ದೀನಿ. ಅರ್ಧ ಅನ್ನೋ ಲೆಕ್ಕ ನಮ್ಮ ಕಾನೂನಲ್ಲಿಲ್ಲ ಅಕ್ಕ. ಸಿಗೋದು ಜೀವನಾಂಶ, ಹಿಂದೂ ವಿವಾಹ ಕಾಯ್ದೆಯ 25ನೇ ಸೆಕ್ಷನ್. ಪಿಂಚಣಿ ಅವರ ಆದಾಯ ಅಂತ ಲೆಕ್ಕಕ್ಕೆ ಬರುತ್ತೆ, ಅಷ್ಟೆ. ನಾನು ಮೊದಲು ಬರೀ ಪಾಸ್‌ಬುಕ್ ಕೊಟ್ಟು ಕೆಟ್ಟೆ, ತಿಂಗಳಿಗೆ ಬೀಳ್ತಿದ್ದ ಮೊತ್ತ ಅಷ್ಟು ಕಮ್ಮಿ ಇತ್ತು. ಪಿಪಿಒ, ಅಂದ್ರೆ ಪಿಂಚಣಿ ಪಾವತಿ ಆದೇಶ, ಕೈಗೆ ಬಂದಾಗ ಗುಟ್ಟು ರಟ್ಟಾಯ್ತು: ನಿವೃತ್ತಿ ಹೊತ್ತಲ್ಲೇ ಅರ್ಧ ಕಮ್ಯೂಟ್ ಮಾಡಿಸಿ, ಅಂದ್ರೆ ತಿಂಗಳ ಪಿಂಚಣಿಯ ಅರ್ಧ ಬಿಟ್ಟುಕೊಟ್ಟು, ಇಡುಗಂಟು ಎತ್ತಿದ್ರು. ಆ ಕಡಿತ 15 ವರ್ಷಕ್ಕೆ ಮುಗಿಯುತ್ತೆ, ಆಮೇಲೆ ಪಿಂಚಣಿ ಪೂರ್ತಿ ಬರುತ್ತೆ. ಇಡುಗಂಟು ಎಲ್ಲಿ ಹೋಯ್ತು ಅಂತ ಕೇಳಿ, ನಾಚಿಕೊಳ್ಳಬೇಡಿ. ರಜನೇಶ್–ನೇಹಾ ಕೇಸಿನ 2020ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಜೀವನಾಂಶದ ಕೇಸಲ್ಲಿ ಇಬ್ಬರೂ ಆಸ್ತಿ, ಸಾಲದ ಅಫಿಡವಿಟ್ ಹಾಕಬೇಕು.

ಹಾಸನ: ನಾನು ಗಂಡನ ಕಡೆಯವನು, ಅಂದ್ರೆ ಗಂಡನೇ. ಅಂಗವೈಕಲ್ಯದ್ದು ಬಿಟ್ಟಿ ದುಡ್ಡಲ್ಲ ತಾಯಿ. ಬೇಸಿಗೆ ಬಂತಂದ್ರೆ ಕೃತಕ ಕಾಲಿನ ಸಾಕೆಟ್ ಒಳಗೆ ಬೆವರಿ, ಮೊಂಡು ಉಜ್ಜಿ ಹುಣ್ಣಾಗುತ್ತೆ, ವಾರಗಟ್ಟಲೆ ಊರುಗೋಲೇ ಗತಿ. ಆದ್ರೂ ಸತ್ಯ ಹೇಳ್ತೀನಿ: ನನ್ನ ಕೇಸಲ್ಲಿ ಜಡ್ಜು ಸೇವೆಯದ್ದು, ಅಂಗವೈಕಲ್ಯದ್ದು ಎರಡನ್ನೂ ಆದಾಯಕ್ಕೆ ಸೇರಿಸಿದ್ರು. ಚಿಕಿತ್ಸೆಯ ಬಿಲ್ಲು ಇಟ್ಟಿದ್ದಕ್ಕೆ ಒಂದಿಷ್ಟು ಕಳೆದ್ರು. ಪಿಂಚಣಿ ಮುಟ್ಟಬಾರದು ಅನ್ನೋದು ಸಾಲ ಕೊಟ್ಟವರಿಗೆ ಹೇಳಿದ ಮಾತು. ಹೆಂಡತಿ ಸಾಲ ಕೊಟ್ಟವಳಲ್ಲ ಅಂತ ಬಾಂಬೆ ಹೈಕೋರ್ಟಿನ ನಾಗಪುರ ಪೀಠವೇ ಹೇಳಿದೆ.

ಹುಬ್ಬಳ್ಳಿ: ಎಲ್ಲರೂ ಮರೆಯೋದು ಕುಟುಂಬ ಪಿಂಚಣಿ. ವಿಚ್ಛೇದನದ ಡಿಕ್ರಿ ಆದ ಮೇಲೆ ಅವರು ತೀರಿಕೊಂಡ್ರೆ ನಿಮಗೆ ಅದು ಬರಲ್ಲ. ಮಕ್ಕಳಿಗೆ 25 ವರ್ಷದವರೆಗೆ ಬರುತ್ತೆ. ಭಾವ ಕೇಂದ್ರ ಸರ್ಕಾರದ ನೌಕರರಾದ್ದರಿಂದ ನಮ್ಮಕ್ಕ ಇದಕ್ಕಾಗೇ ವಿಚ್ಛೇದನ ಬಿಟ್ಟು ನ್ಯಾಯಿಕ ಪ್ರತ್ಯೇಕತೆ (ಮದುವೆ ಮುರಿಯದೆ ಬೇರೆ ಇರೋಕೆ ಕೋರ್ಟಿನ ಆದೇಶ) ತಗೊಂಡ್ಳು. ಒಪ್ಪಿಗೆ ಪತ್ರದಲ್ಲಿ ಇಡುಗಂಟು ಬರೆಸೋದಿದ್ರೆ ಈ ನಷ್ಟಾನೂ ಲೆಕ್ಕ ಹಾಕಿ. ತಿಂಗಳ ಕಂತಿಗಿಂತ ಇಡುಗಂಟೇ ವಾಸಿ ಅಂತ ನನ್ನ ಎಣಿಕೆ. ಪ್ರತಿ ತಿಂಗಳು ಫೋನ್ ಮಾಡಿ ಕೇಳೋ ಸಂಕಟ ಯಾರಿಗೆ ಬೇಕು?

ಬೆಳಗಾವಿ: ಪಿಪಿಒ ಅವರ ಕಪ್ಪು ಟ್ರಂಕಿನಲ್ಲಿತ್ತು. ಮಗನ ಕೈಲಿ ಫೋಟೊ ತೆಗೆಸಿದೆ. ಕಮ್ಯುಟೇಶನ್ ಸಾಲು ಇದೆ. 2014ರದ್ದು, ನಾವು ಸೈಟು ತಗೊಂಡ ವರ್ಷ. ಸೈಟು ಅತ್ತೆ ಹೆಸರಲ್ಲಿದೆ.