ನಿಕರಾಗುವಾದ ಗಟ್ಟಿ ಸಿಗಾರ್ ಅರ್ಧಕ್ಕೆ ಬರುತ್ತಲೇ ಕಹಿಯಾಗಿ ಆರಿಹೋಗುತ್ತಿದೆ: ಪರಿಹಾರವೇನು?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಆಸೆಪಟ್ಟು ತರಿಸಿಕೊಂಡ ಒಂದು ಪೆಟ್ಟಿಗೆ ಸಿಗಾರ್ ಈಗ ತಲೆನೋವಾಗಿದೆ. ನಿಕರಾಗುವಾದ ಎಸ್ತೆಲಿ ಊರಿನಲ್ಲಿ ಸುತ್ತಿದ್ದು, ಒಳಗೆ ತುಂಬುವ ಫಿಲ್ಲರ್, ಅದನ್ನು ಹಿಡಿದಿಡುವ ಬೈಂಡರ್, ಮೇಲೆ ಸುತ್ತುವ ರ‍್ಯಾಪರ್ ಮೂರೂ ನಿಕರಾಗುವಾದ ಎಲೆಯೇ, ಟೋರೊ ಅಳತೆ, ಬಾಕ್ಸ್ ಪ್ರೆಸ್ ಮಾಡಿದ್ದು (ಚೌಕಾಕಾರಕ್ಕೆ ಒತ್ತಿದ್ದು), ಎಣ್ಣೆ ಹೊಳೆಯುವ ಕಪ್ಪು ಮದೂರೊ (ಹೆಚ್ಚು ಹುದುಗಿಸಿದ ಎಲೆ). ದೋಷ ಯಾರದೆಂದು ಇನ್ನೂ ತೀರ್ಮಾನವಾಗದ ಕಾರಣ ತಯಾರಕರ ಹೆಸರು ಬೇಡ.

ಮೊದಲ ಮೂರನೆಯ ಭಾಗದ ಬಗ್ಗೆ ದೂರೇ ಇಲ್ಲ. ಕರಿಮೆಣಸಿನ ಖಾರ ತುಟಿಗೂ ನಾಲಿಗೆಗೂ ತಾಗುತ್ತದೆ, ಸ್ವಲ್ಪ ಹೊಗೆಯನ್ನು ಮೂಗಿನಿಂದ ಬಿಟ್ಟರೆ ಕೋಕೋ ಮತ್ತು ಹುರಿದ ಕಾಫಿಬೀಜದ ವಾಸನೆ ಸ್ಪಷ್ಟವಾಗಿ ಸಿಗುತ್ತದೆ, ಅದು ಕರಗಿದ ಮೇಲೂ ಹದಮಾಡಿದ ಚರ್ಮದ ಗಂಧ ಬಾಯಲ್ಲಿ ಉಳಿಯುತ್ತದೆ. ಎರಡನೆಯ ಭಾಗಕ್ಕೆ ಬರುತ್ತಿದ್ದಂತೆ ಘಾಟು ಏರಿ ಬಾಯೆಲ್ಲ ಕಹಿಯಾಗುತ್ತದೆ, ನಾಲಿಗೆ ಜೋಮು ಹಿಡಿಯುತ್ತದೆ, ಎಳೆತ ಬಿಗಿಯಾಗುತ್ತದೆ, ಒಂದು ಬದಿ ಉರಿದು ಇನ್ನೊಂದು ಹಿಂದುಳಿಯುತ್ತದೆ, ಪಕ್ಕದವರ ಜೊತೆ ಎರಡು ಮಾತನಾಡುವಷ್ಟರಲ್ಲಿ ಆರಿಯೇ ಹೋಗಿರುತ್ತದೆ. ಮತ್ತೆ ಹೊತ್ತಿಸಿದರೆ ಕಹಿ ಇಮ್ಮಡಿ. ಒಂದು ಸಿಗಾರ್ ಹೀಗಾಗಿದ್ದರೆ ಸುತ್ತಿದವರ ಕೈತಪ್ಪು ಎನ್ನಬಹುದಿತ್ತು. ಈ ಪೆಟ್ಟಿಗೆಯಿಂದ ತೆಗೆದದ್ದೆಲ್ಲ ಹೀಗೆಯೇ ಆಗುತ್ತಿದೆ. ಇಟ್ಟಿರುವ ಕ್ರಮದಲ್ಲಿ ಏನೂ ತೊಂದರೆಯಿಲ್ಲ. ಇಷ್ಟು ಒಳ್ಳೆಯ ಎಲೆಯನ್ನು ಅರ್ಧಕ್ಕೇ ಬೂದಿಬಟ್ಟಲಿಗೆ ಹಾಕುವುದು ಸಹಿಸಲಾಗುತ್ತಿಲ್ಲ. ತಿಳಿದವರು ದಯವಿಟ್ಟು ದಾರಿ ತೋರಿಸಿ.

ರೋಬಸ್ಟೊ50

ತುಂಗಾತೀರ ಅವರೇ, ನೀವು ಬೇಗ ಬೇಗ ಎಳೆಯುತ್ತಿದ್ದೀರಿ. ನಿಮಿಷಕ್ಕೆ ಒಂದು ಎಳೆತ ಎಂಬುದು ಸಾಮಾನ್ಯ ಲೆಕ್ಕ. ಲಿಗೆರೊ (ಗಿಡದ ತುದಿಯ ದಪ್ಪ ಎಲೆ) ತುಂಬಿದ ಗಟ್ಟಿ ಸಿಗಾರಿಗೆ ಅದಕ್ಕಿಂತಲೂ ನಿಧಾನವಾದರೆ ಒಳ್ಳೆಯದು. ಕೆಂಡ ಅತಿಯಾಗಿ ಕಾದಾಗ ಎಲೆಯ ಸಕ್ಕರೆಯೂ ಎಣ್ಣೆಯೂ ಸುವಾಸನೆ ಕೊಡುವ ಮೊದಲೇ ಕಮರಿಹೋಗುತ್ತವೆ, ಹೊಗೆಯಲ್ಲಿರುವ ಟಾರ್ ಮತ್ತು ನೀರಾವಿ ಸಿಗಾರಿನ ತಲೆಯ (ಬಾಯಿಗಿಡುವ ತುದಿಯ) ಕಡೆಗೆ ಸರಿದು ತಂಪಾಗಿ ಅಲ್ಲೇ ಕೂಡಿಕೊಳ್ಳುತ್ತವೆ. ಎರಡನೆಯ ಭಾಗದಲ್ಲಿ ಎಳೆತ ಬಿಗಿಯಾಗುವುದು ಅದರಿಂದಲೇ. ಗಡಿಯಾರ ಎದುರಿಗಿಟ್ಟುಕೊಂಡು ಒಮ್ಮೆ ಸೇದಿ ನೋಡಿ.

ಹುಣಸೂರುಹೊಲ

ವೇಗದ ಮಾತು ಕಹಿಗೆ ಹೊಂದುತ್ತದೆ, ಆದರೆ ಸಿಗಾರ್ ಆರುವುದಕ್ಕೆ ಹೊಂದುವುದಿಲ್ಲ. ಬೇಗ ಬೇಗ ಎಳೆಯುವವರ ಸಿಗಾರ್ ಸುಡುತ್ತದೆಯೇ ಹೊರತು ಎರಡು ನಿಮಿಷದಲ್ಲಿ ತಣ್ಣಗಾಗುವುದಿಲ್ಲ.

ಸಕ್ಕರೆಯ ವಿಷಯವನ್ನೂ ತಿದ್ದಬೇಕು. ನಮ್ಮದು ಹುಣಸೂರು ಕಡೆಯ ತಂಬಾಕು ಬೆಳೆಯುವ ಮನೆ. ನಮ್ಮಲ್ಲಿ ವರ್ಜೀನಿಯಾ ಸೊಪ್ಪನ್ನು ಬ್ಯಾರನ್‌ನಲ್ಲಿ (ಸೊಪ್ಪು ಒಣಗಿಸುವ ಮನೆಯಲ್ಲಿ) ಶಾಖ ಕೊಟ್ಟು ಸುಮಾರು ಒಂದು ವಾರದೊಳಗೆ ಹದಗೊಳಿಸುವುದರಿಂದ ಎಲೆಯಲ್ಲಿ ಸಕ್ಕರೆ ಉಳಿಯುತ್ತದೆ. ಸಿಗಾರಿನ ಎಲೆಯ ದಾರಿ ಬೇರೆ: ಅದನ್ನು ದೊಡ್ಡ ಮರದ ಚಾವಡಿಗಳಲ್ಲಿ ತೂಗುಹಾಕಿ ಗಾಳಿಯಲ್ಲೇ ವಾರಗಟ್ಟಲೆ ಒಣಗಿಸಿ, ಆಮೇಲೆ ಪಿಲೋನ್ ಎಂಬ ಎತ್ತರದ ರಾಶಿಗಳಲ್ಲಿ ತಿಂಗಳುಗಟ್ಟಲೆ ಹುದುಗಿಸುತ್ತಾರೆ, ಒಳಗಿನ ಶಾಖ ಏರಿದಾಗಲೆಲ್ಲ ರಾಶಿ ಮುರಿದು ಮಗುಚುತ್ತಾರೆ. ಅಷ್ಟು ಹೊತ್ತಿಗೆ ಸಕ್ಕರೆ ಬಹುಪಾಲು ಹೋಗಿರುತ್ತದೆ, ಅಮೋನಿಯಾ ಹೊರಬಿದ್ದಿರುತ್ತದೆ. ಇಂಥ ಎಲೆಯ ಹೊಗೆ ಕ್ಷಾರೀಯವಾಗಿರುವುದರಿಂದಲೇ ನಿಕೋಟಿನ್ ಬಾಯಿಯ ಒಳಪದರದಿಂದಲೇ ರಕ್ತಕ್ಕೆ ಸೇರುತ್ತದೆ, ಹೊಗೆಯನ್ನು ಎದೆಗೆ ಎಳೆದುಕೊಳ್ಳಬೇಕಾಗಿಲ್ಲ.

ಇನ್ನು ಪ್ರಶ್ನೆಗಳು. ಸಿಗಾರ್ ಯಾವ ಬಗೆಯ ಪೆಟ್ಟಿಗೆಯಲ್ಲಿದೆ, ತೇವಾಂಶವನ್ನು ಒಂದೇ ಮಟ್ಟದಲ್ಲಿಡುವ ಪೊಟ್ಟಣ ಯಾವ ಅಂಕಿಯದು ಹಾಕಿದ್ದೀರಿ, ಯಾವ ಊರಿನಲ್ಲಿದ್ದೀರಿ, ಮನೆಯೊಳಗೆ ಸೇದುವಿರೋ ಹೊರಗೋ?

ರೋಬಸ್ಟೊ50

ಸಕ್ಕರೆ ಹೋಗಿದ್ದರೆ ಮದೂರೊಗೆ ಆ ಸಿಹಿ ಎಲ್ಲಿಂದ ಬರುತ್ತದೆ? ಒಣದ್ರಾಕ್ಷಿಯ, ಕಾಕಂಬಿಯ ರುಚಿ ನನಗೆ ಪ್ರತಿ ಬಾರಿಯೂ ಸಿಗುತ್ತದೆ.

ಹುಣಸೂರುಹೊಲ

ಹೆಚ್ಚು ಶಾಖದಲ್ಲಿ ಹೆಚ್ಚು ಕಾಲ ಹುದುಗಿಸಿದಾಗ ಹುಟ್ಟುವ ಸುವಾಸನೆಗಳಿಂದ ಬರುತ್ತದೆ. ರುಚಿ ಸಿಹಿಯೆನಿಸಿತೆಂದ ಮಾತ್ರಕ್ಕೆ ಎಲೆಯಲ್ಲಿ ಸಕ್ಕರೆಯಿದೆ ಎಂದು ಆಗುವುದಿಲ್ಲ.

ತುಂಗಾತೀರ

ಇಬ್ಬರಿಗೂ ಧನ್ಯವಾದ. ನಾನು ನಿಧಾನವಾಗಿಯೇ ಸೇದುತ್ತೇನೆ. ಇದೇ ವೇಗದಲ್ಲಿ ಕನೆಕ್ಟಿಕಟ್ ಶೇಡ್ ಎಂಬ ನೆರಳಲ್ಲಿ ಬೆಳೆದ ತೆಳು ರ‍್ಯಾಪರ್ ಇರುವ ಡೊಮಿನಿಕನ್ ಸಿಗಾರ್ ಕೊನೆಯವರೆಗೂ ಸಮನಾಗಿ ಉರಿಯುತ್ತದೆ, ಬೂದಿಯೂ ಗಟ್ಟಿಯಾಗಿ ನಿಲ್ಲುತ್ತದೆ. ಎರಡನ್ನೂ ಇಟ್ಟಿರುವುದು ಒಂದೇ ಜಾಗದಲ್ಲಿ, ತೇವಾಂಶ ಮಾಪಕದ ಮುಳ್ಳು ತೋರಿಸುವುದು 66. ಹಾಗಾಗಿ ತೇವಾಂಶದ ಸಂಶಯ ಬೇಡ. ತುದಿಯನ್ನು ನೇರ ಕಟರ್‌ನಿಂದ ಕತ್ತರಿಸುತ್ತೇನೆ, ಹೊತ್ತಿಸುವುದು ಬ್ಯೂಟೇನ್ ಟಾರ್ಚಿನಿಂದ.

ರೋಬಸ್ಟೊ50

ಕನೆಕ್ಟಿಕಟ್ ಶೇಡ್ ಸಿಗಾರನ್ನು ಹೋಲಿಕೆಗೆ ತರುವುದು ಸರಿಯಲ್ಲ. ಅಂಥ ಸೌಮ್ಯ ಸಿಗಾರ್‌ಗಳಲ್ಲಿ ಲಿಗೆರೊ ಇಲ್ಲ ಎನ್ನುವಷ್ಟು ಕಡಿಮೆಯಿರುತ್ತದೆ, ಹಾಗಾಗಿ ವೇಗವನ್ನು ಅವು ತಾಳಿಕೊಳ್ಳುತ್ತವೆ. ನಿಮ್ಮ ಪೆಟ್ಟಿಗೆಯದು ತಾಳಿಕೊಳ್ಳುವುದಿಲ್ಲ. ಎರಡು ನಿಮಿಷಕ್ಕೆ ಒಂದು ಎಳೆತದಂತೆ ಪ್ರಯತ್ನಿಸಿ ಎಂದೇ ಮತ್ತೆ ಹೇಳುತ್ತೇನೆ.

ಸೀಡರ್‌ಪೆಟ್ಟಿಗೆ

ನೇರವಾಗಿ ಕತ್ತರಿಸುವುದೇ ತೊಂದರೆಯ ಮೂಲ ಎಂದು ನನ್ನ ಭಾವನೆ. ತಲೆಗೆ ಅಂಟಿಸಿದ ಎಲೆಯ ಟೋಪಿಯನ್ನು ಅಗಲವಾಗಿ ತೆಗೆದರೆ ಹೊಗೆ ನಾಲಿಗೆಯ ಮೇಲೆಲ್ಲ ಹರಡಿ ಬೀಳುತ್ತದೆ, ಗಟ್ಟಿ ಸಿಗಾರಿನಲ್ಲಿ ಅದೇ ಕಹಿಯಾಗಿ ತೋರುತ್ತದೆ. ವಿ-ಕಟ್ (ವಿ ಆಕಾರದ ಸೀಳು) ಮಾಡಿದರೆ ಹೊಗೆ ಒಂದೆಡೆ ಸೇರಿ ಬರುತ್ತದೆ.

ತೇವಾಂಶದ ಬಗ್ಗೆ ಹೇಳುವುದಾದರೆ, ನಾನು 28 ಬಾಟಲಿಯ ಒಂದು ವೈನ್ ಫ್ರಿಜ್ಜಿನ ಕಂಬಿಗಳನ್ನೆಲ್ಲ ತೆಗೆದು ಸ್ಪ್ಯಾನಿಷ್ ಸೀಡರ್ ಸೆಳೆಖಾನೆಗಳನ್ನು ಮಾಡಿಸಿ ಕೂರಿಸಿದ್ದೇನೆ. ಒಳಗೆ ಒಂದು ಚಿಕ್ಕ ಫ್ಯಾನ್ ಇದೆ, ಮೇಲೂ ಕೆಳಗೂ ಡಿಜಿಟಲ್ ಮಾಪಕಗಳಿವೆ, ವರ್ಷವಿಡೀ 65 ಪ್ರತಿಶತ ಮತ್ತು 18 ಡಿಗ್ರಿ ಅಲುಗುವುದಿಲ್ಲ. ಮೇಲಿನ ಸೆಳೆಖಾನೆಯಲ್ಲಿ ಪಾಡ್ರೋನ್ 1964 ಆನಿವರ್ಸರಿಯ ಮದೂರೊಗಳಿವೆ, ಅದರ ಕೆಳಗೆ ಒಲಿವಾ ಸೀರೀ ವಿ ಮೆಲಾನಿಯೊ, ಅದರ ಕೆಳಗೆ ಹೋಯಾ ದೆ ನಿಕರಾಗುವಾದ ಆಂತಾನ್ಯೊ. ಒಂದಾದರೂ ಅರ್ಧದಲ್ಲಿ ಕೈಕೊಟ್ಟದ್ದಿಲ್ಲ.

ರೋಬಸ್ಟೊ50

ವಿ-ಕಟ್‌ನಿಂದ ಹೊಗೆಯ ದಾರಿ ಕಿರಿದಾಗಿ ಟಾರ್ ಒಂದೇ ಕಡೆ ನಿಲ್ಲುತ್ತದೆ, ಬಿಗಿಯಾದ ಎಳೆತವನ್ನು ಅದು ಇನ್ನಷ್ಟು ಬಿಗಿ ಮಾಡುತ್ತದೆ. ಬಾಕ್ಸ್ ಪ್ರೆಸ್ ಸಿಗಾರಿಗೆ ನೇರ ಕಟ್ ಸಾಕು. ಟೋಪಿ ಮುಗಿಯುವ ಗೆರೆಯನ್ನು ದಾಟದಂತೆ ಕತ್ತರಿಸಿದರೆ ರ‍್ಯಾಪರ್ ಬಿಚ್ಚಿಕೊಳ್ಳುವುದೂ ಇಲ್ಲ.

ಸೀಡರ್‌ಪೆಟ್ಟಿಗೆ

ಹರಿತವಾದ ವಿ-ಕಟರ್ ಬಳಸಿದವರು ಹೀಗೆ ಹೇಳುವುದಿಲ್ಲ. ಹತ್ತಾರು ಸಿಗಾರ್‌ಗಳಲ್ಲಿ ಹೋಲಿಸಿ ನೋಡಿಯೇ ನಾನು ಬರೆಯುತ್ತಿದ್ದೇನೆ.

ಹುಣಸೂರುಹೊಲ

ಕಟ್‌ನಿಂದ ಆಗುವ ತೊಂದರೆ ಮೊದಲ ಎಳೆತದಲ್ಲೇ ಗೊತ್ತಾಗಬೇಕು. ಎರಡನೆಯ ಭಾಗದವರೆಗೆ ಅದು ಕಾಯುವುದಿಲ್ಲ. ತುಂಗಾತೀರ ಅವರೇ, ನನ್ನ ಪ್ರಶ್ನೆಗಳಿಗೆ ಇನ್ನೂ ಉತ್ತರ ಬಂದಿಲ್ಲ. ಅದರ ಜೊತೆಗೆ ಎರಡು ಕೆಲಸ ಮಾಡಿ.

ಮೊದಲನೆಯದು, ಕಹಿ ಶುರುವಾದ ಕೂಡಲೇ ಬೂದಿಯನ್ನು ಮೆಲ್ಲಗೆ ಒತ್ತಿ ಬೀಳಿಸಿ ಕೆಂಡದ ಆಕಾರ ನೋಡಿ. ಸುತ್ತುವವರು ಲಿಗೆರೊ ಎಲೆಯನ್ನು ನಟ್ಟನಡುವೆ ಇಡುತ್ತಾರೆ, ಏಕೆಂದರೆ ಗಿಡದ ತುದಿಯ ಆ ಎಲೆ ಬಿಸಿಲನ್ನು ಹೆಚ್ಚು ಉಂಡು ದಪ್ಪವಾಗಿ ಎಣ್ಣೆ ತುಂಬಿಕೊಂಡಿರುತ್ತದೆ, ಎಲ್ಲಕ್ಕಿಂತ ನಿಧಾನವಾಗಿ ಉರಿಯುತ್ತದೆ. ಸುತ್ತಲಿನ ಸೆಕೊ (ಗಿಡದ ನಡುವಿನ) ಮತ್ತು ವೊಲಾದೊ (ಗಿಡದ ಬುಡದ) ಎಲೆಗಳು ಅದನ್ನು ಉರಿಸಿಕೊಂಡು ಹೋಗಬೇಕು. ಹಾಗಾಗಿ ನಡುವೆ ಚಿಕ್ಕ ಮೊಂಡು ಶಂಕು ಕಾಣುವುದು ಸಹಜ. ಅದು ಉದ್ದವಾಗಿ ಚೂಪಾಗಿ ನಿಗಿನಿಗಿ ಉರಿಯುತ್ತಿದ್ದರೆ ವೇಗ ಹೆಚ್ಚು, ರೋಬಸ್ಟೊ50 ಅವರ ಮಾತೇ ಸರಿ. ಉದ್ದವಾಗಿದ್ದು ತುದಿ ಕಪ್ಪಾಗಿ ಸತ್ತಂತಿದ್ದರೆ ನಡುವಿನ ಎಲೆ ಉರಿಯುತ್ತಲೇ ಇಲ್ಲ.

ಎರಡನೆಯದು, ಮಾಪಕವನ್ನು ಉಪ್ಪಿನಲ್ಲಿ ಪರೀಕ್ಷಿಸಿ. ಬಾಟಲಿಯ ಮುಚ್ಚಳದಲ್ಲಿ ಅಡುಗೆ ಉಪ್ಪು ತುಂಬಿ, ಕೆಲವು ಹನಿ ನೀರು ಹಾಕಿ, ಉಪ್ಪು ಕರಗದೆ ಕೆಸರಿನಷ್ಟು ಹಸಿಯಾಗುವಂತೆ ಕಲಸಿ, ಮಾಪಕದ ಜೊತೆ ಜಿಪ್ ಚೀಲದಲ್ಲಿ ಗಾಳಿಯಾಡದಂತೆ ಮುಚ್ಚಿ ಒಂದು ದಿನ ಬಿಡಿ. ಒಳಗಿನ ತೇವಾಂಶ 75ಕ್ಕೆ ನಿಲ್ಲುತ್ತದೆ. ನಿಮ್ಮ ಮುಳ್ಳು ಎಷ್ಟು ತೋರಿಸುತ್ತದೆ ಎಂಬುದನ್ನು ಇಲ್ಲಿ ಬರೆಯಿರಿ.

ತುಂಗಾತೀರ

ಹ್ಯೂಸ್ಟನ್ ಹೊರವಲಯದಲ್ಲಿದ್ದೇನೆ. ರಾತ್ರಿ ಊಟವಾದ ಮೇಲೆ ಹಿಂದಿನ ಜಗಲಿಯಲ್ಲಿ ಕುಳಿತು ಸೇದುತ್ತೇನೆ. ಸಿಗಾರ್ ಇಟ್ಟಿರುವುದು ರಬ್ಬರ್ ಅಂಚಿನ, ಗಾಳಿ ಹೋಗದ ಪ್ಲಾಸ್ಟಿಕ್ ಡಬ್ಬಿಯಲ್ಲಿ. ಹಾಕಿರುವುದು 72ರ ಪೊಟ್ಟಣಗಳು. ಇಂಥವೆಲ್ಲ ಎಲ್ಲರಲ್ಲೂ ಇರುವ ಸಾಮಗ್ರಿಯೆಂದು ಬರೆದಿರಲಿಲ್ಲ. ಉಪ್ಪಿನ ಚೀಲದಲ್ಲಿ ಮುಳ್ಳು 68ಕ್ಕೆ ನಿಂತಿತು. ಕೆಂಡವನ್ನೂ ನೋಡಿದೆ: ಬೂದಿ ಬಿದ್ದ ಮೇಲೆ ನಡುವೆ ಬೆರಳಿನ ಉಗುರಿನಷ್ಟು ಉದ್ದದ ಶಂಕು ಇತ್ತು, ಬುಡದ ಸುತ್ತ ಮಾತ್ರ ಕೆಂಪು, ತುದಿ ಪೂರ್ತಿ ಕಪ್ಪು, ಮುಟ್ಟಿದರೆ ಮೆತ್ತಗಿತ್ತು.

ಹುಣಸೂರುಹೊಲ

ಹಾಗಾದರೆ ಮಾಪಕ 7 ಅಂಕ ಕಡಿಮೆ ತೋರಿಸುತ್ತಿದೆ. ನಿಮ್ಮ 66 ನಿಜದಲ್ಲಿ 73ರ ಹತ್ತಿರ, ಪೊಟ್ಟಣದ ಮೇಲೆ ಬರೆದ ಅಂಕಿಗೂ ಅದು ಹೊಂದುತ್ತದೆ. 72ರ ಪೊಟ್ಟಣ ಮರದ ಹ್ಯುಮಿಡಾರಿಗೆ (ತೇವ ಕಾಪಾಡುವ ಸಿಗಾರ್ ಪೆಟ್ಟಿಗೆಗೆ) ನಡೆಯುತ್ತದೆ, ಏಕೆಂದರೆ ಮರ ಸ್ವಲ್ಪ ತೇವ ಹೀರುತ್ತದೆ, ಮುಚ್ಚಳದ ಸಂದಿನಿಂದ ಸ್ವಲ್ಪ ಸೋರುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಆ ಸೋರಿಕೆ ಇರುವುದಿಲ್ಲ. ನಿಮ್ಮ ಡೊಮಿನಿಕನ್‌ನ ತೆಳು ಎಲೆ ಅಷ್ಟು ತೇವದಲ್ಲೂ ಹೇಗೋ ಉರಿಯುತ್ತದೆ. ಎಸ್ತೆಲಿಯ ಕಪ್ಪುಮಣ್ಣಿನಲ್ಲಿ ಬೆಳೆದ ದಪ್ಪ ಲಿಗೆರೊ ಅಷ್ಟು ತೇವದಲ್ಲಿ ಹಸಿ ಸೌದೆಯಂತೆ ಕಮಟು ಹೊಗೆ ಬಿಡುತ್ತದೆ. ಮೊದಲ ಭಾಗ ಚೆನ್ನಾಗಿರುವುದು ಟಾರ್ಚಿನ ಬಿಸಿಗೆ ಪಾದದ (ಹೊತ್ತಿಸುವ ತುದಿಯ) ಹತ್ತಿರದ ಎಲೆ ಒಣಗಿರುವುದರಿಂದ ಇರಬೇಕು. ಅಲ್ಲಿಂದ ಮುಂದೆ ಆವಿ ತಲೆಯ ಕಡೆ ಸರಿದು ಎಲೆ ಉಬ್ಬುತ್ತದೆ, ಎಳೆತ ಬಿಗಿಯಾಗುತ್ತದೆ, ಆರದಿರಲೆಂದು ನೀವು ಜೋರಾಗಿ ಎಳೆಯುತ್ತೀರಿ, ಅಂಚು ಸುಡುತ್ತದೆ, ನಡು ಹಸಿಯಾಗಿಯೇ ಉಳಿಯುತ್ತದೆ.

72ರ ಪೊಟ್ಟಣಗಳನ್ನು ತೆಗೆದು 65ರದನ್ನು ಹಾಕಿ. ಇಡೀ ಡಬ್ಬಿ ಸಮಸ್ಥಿತಿಗೆ ಬರಲು ವಾರಗಳೇ ಬೇಕು. ಮುಚ್ಚಳ ತೆರೆದಿಟ್ಟು ಅವಸರಪಡಿಸಿದರೆ ಹೊರಗಿನ ರ‍್ಯಾಪರ್ ಬೇಗ ಒಣಗಿ ನಡು ಉಬ್ಬಿಕೊಂಡಿರುವುದರಿಂದ ಸಿಗಾರ್ ಸೀಳಬಹುದು. ಅಲ್ಲಿಯವರೆಗೆ ಸೇದಬೇಕೆನಿಸಿದ ಸಿಗಾರನ್ನು ಎರಡು ದಿನ ಮೊದಲೇ ತೆಗೆದು, ಪೊಟ್ಟಣವಿಲ್ಲದ ಖಾಲಿ ಸೀಡರ್ ಸಿಗಾರ್ ಪೆಟ್ಟಿಗೆಯಲ್ಲಿ ಎಸಿ ಇರುವ ಕೋಣೆಯಲ್ಲಿಡಿ. ಬೆರಳಿನಿಂದ ಮೆಲ್ಲಗೆ ಅದುಮಿದಾಗ ಹಿಂಡಿದ ಒದ್ದೆ ಬಟ್ಟೆಯ ಮೆತುವು ಹೋಗಿ, ಸ್ವಲ್ಪ ಬಿಗಿಯಾಗಿ ಹಿಂದಿರುಗುವಂತಿರಬೇಕು.

ರೋಬಸ್ಟೊ50

ಜೋರಾಗಿ ಎಳೆಯುತ್ತೀರಿ ಎಂದು ನೀವೂ ಬರೆದಿದ್ದೀರಿ. ತೇವ ತಗ್ಗಿಸಿದ ಮೇಲೂ ವೇಗ ತಗ್ಗಿಸದಿದ್ದರೆ ಪ್ರಯೋಜನವಾಗದು.

ತುಂಗಾತೀರ

ಹೇಳಿದಂತೆ ಖಾಲಿ ಪೆಟ್ಟಿಗೆಯಲ್ಲಿಟ್ಟು ತೆಗೆದ ಸಿಗಾರ್ ಬೇರೆಯದೇ ಆಗಿ ಬಂತು. ಮೆಣಸಿನ ಖಾರ ಎರಡನೆಯ ಭಾಗದಲ್ಲಿ ಇಳಿದು, ಅದು ತೆರವು ಮಾಡಿದ ಜಾಗದಲ್ಲಿ ಸೀಡರ್ ಮರದ ಗಂಧವೂ ಕಪ್ಪು ಚಾಕೊಲೇಟಿನ ಒಗರೂ ಬಂದವು. ಕೊನೆಯ ಭಾಗದಲ್ಲಿ, ಈ ಪೆಟ್ಟಿಗೆಯಲ್ಲಿ ನಾನು ಕಾಣದೇ ಇದ್ದ ಒಂದು ಸಣ್ಣ ಸಿಹಿ ಸಿಕ್ಕಿತು. ಮಿಶ್ರಣದಲ್ಲಿ ನಿಕರಾಗುವಾದ ಹಲಾಪಾ ಕಣಿವೆಯ ಎಲೆಯೂ ಇದೆಯೆಂದು ಮಾರುವವರು ತಿಳಿಸಿದ್ದರು, ಅದರ ಸಿಹಿಯೇ ಇರಬೇಕು. ಒಮ್ಮೆಯೂ ಆರಲಿಲ್ಲ. ಆದರೆ ಒಂದು ಬದಿ ಹಿಂದುಳಿಯುವುದು ಮಾತ್ರ ಕೆಲವು ಸಿಗಾರ್‌ಗಳಲ್ಲಿ ಇನ್ನೂ ಉಳಿದಿದೆ.

ಸೀಡರ್‌ಪೆಟ್ಟಿಗೆ

65ಕ್ಕೆ ಬಂದ ಮೇಲೆ ನಿಮ್ಮ ಸಿಗಾರ್ ನನ್ನ ಸೆಳೆಖಾನೆಯವುಗಳ ಸಮಕ್ಕೆ ನಿಲ್ಲುತ್ತದೆ ಎಂದು ನಂಬಿದ್ದೇನೆ. ವಿ-ಕಟ್ ಒಮ್ಮೆಯಾದರೂ ನೋಡಿ.

ಹುಣಸೂರುಹೊಲ

ಹಿಂದುಳಿಯುವ ಬದಿಗೆ ನೇರವಾಗಿ ಬ್ಯಾಂಡಿನ (ಸಿಗಾರಿಗೆ ಸುತ್ತಿದ ಕಾಗದದ ಪಟ್ಟಿಯ) ಮೇಲೆ ಪೆನ್ಸಿಲಿನಿಂದ ಗುರುತು ಮಾಡಿ, ಆ ಬದಿಯನ್ನು ಕೆಳಮುಖವಾಗಿ ಹಿಡಿದು ಕೆಲವು ಎಳೆತ ಸೇದಿ. ಅಂಚು ಸಮನಾದರೆ ಹೊತ್ತಿಸುವಾಗಲೇ ಆ ಬದಿಗೆ ಬಿಸಿ ಸಾಲದೇ ಹೋಗಿರುತ್ತದೆ. ಪಾದವನ್ನು ಜ್ವಾಲೆಗೆ ತಾಗಿಸದೆ, ಮೇಲಕ್ಕೆ ಹಿಡಿದು ತಿರುಗಿಸುತ್ತ, ಇಡೀ ಅಂಚು ಬಿಳಿಬೂದಿಯಾಗುವವರೆಗೆ ಕಾಯಿಸಿಕೊಳ್ಳಿ. ಎಷ್ಟೇ ತಿರುಗಿಸಿದರೂ ಗುರುತಿನ ಬದಿಯೇ ಹಿಂದೆ ಬಿದ್ದರೆ ಲಿಗೆರೊ ನಡುವಿನಿಂದ ಆ ಕಡೆಗೆ ಸರಿದಿದೆ, ಅದು ಸುತ್ತಿದಾಗಿನ ದೋಷ. ಆ ಅಂಚನ್ನು ಮಾತ್ರ ಟಾರ್ಚಿನಿಂದ ತಿದ್ದಿಕೊಂಡು ಹೋಗಬೇಕು, ಬೇರೆ ಉಪಾಯವಿಲ್ಲ. ನಿಮ್ಮ ಜಗಲಿಯ ಸೂರಿನಲ್ಲಿ ಫ್ಯಾನ್ ಇದೆಯೇ? ಗಾಳಿ ಒಂದೇ ಕಡೆಯಿಂದ ಬೀಸಿದರೂ ಹೀಗೆಯೇ ಉರಿಯುತ್ತದೆ.

ಪಣಂಬೂರುಗಾಳಿ

ಮಧ್ಯೆ ಬಂದದ್ದಕ್ಕೆ ಕ್ಷಮೆಯಿರಲಿ. ನಾನು ಮಂಗಳೂರಿನವನು. ಮಳೆಗಾಲದಲ್ಲಿ ಇಲ್ಲಿನ ಗಾಳಿಯ ತೇವಾಂಶವೇ 90ರ ಆಸುಪಾಸಿನಲ್ಲಿರುತ್ತದೆ, ಮನೆಯಲ್ಲಿ ಎಸಿ ಇಲ್ಲ. ಖಾಲಿ ಪೆಟ್ಟಿಗೆಯಲ್ಲಿಟ್ಟರೆ ಸಿಗಾರ್ ಒಣಗುವ ಬದಲು ಇನ್ನಷ್ಟು ತೇವ ಕುಡಿಯುತ್ತದೆ. ನಮ್ಮಂಥವರು ಏನು ಮಾಡಬೇಕು?

ಹುಣಸೂರುಹೊಲ

ನಿಮ್ಮಲ್ಲಿ ಖಾಲಿ ಪೆಟ್ಟಿಗೆಯ ಉಪಾಯ ನಡೆಯುವುದಿಲ್ಲ. ಗಾಳಿಯಾಡದ ಡಬ್ಬಿಯಲ್ಲೇ 62ರ ಪೊಟ್ಟಣ ಹಾಕಿಡಿ. ಅದು ಹೆಚ್ಚಿನ ತೇವವನ್ನು ಹೀರಿಕೊಳ್ಳುತ್ತದೆ, ಆದರೆ ನೀರು ಕುಡಿದು ಉಬ್ಬಿದಾಗ ಬದಲಿಸಬೇಕು. ಡಬ್ಬಿಯನ್ನು ಪದೇ ಪದೇ ತೆರೆಯಬೇಡಿ. ನಿಮ್ಮ ಸೆಕೆಗೆ ತಂಬಾಕು ಹುಳುವಿನ ಮೊಟ್ಟೆ ಒಡೆಯುವ ಅಪಾಯವೂ ಇದೆ. ಹೊಸದಾಗಿ ತಂದ ಸಿಗಾರ್‌ಗಳನ್ನು ಎರಡು ಜಿಪ್ ಚೀಲಗಳಲ್ಲಿ ಒಂದರೊಳಗೊಂದು ಹಾಕಿ ಮೂರು ದಿನ ಫ್ರೀಜರಿನಲ್ಲಿಟ್ಟು, ಒಂದು ದಿನ ಫ್ರಿಜ್ಜಿನ ಕೆಳಭಾಗದಲ್ಲಿಟ್ಟು, ಆಮೇಲೆ ಹೊರಗೆ ತನ್ನಿ. ನೇರವಾಗಿ ಹೊರತೆಗೆದರೆ ರ‍್ಯಾಪರ್ ಸೀಳುತ್ತದೆ. ತುಂಗಾತೀರ ಅವರು ಫ್ಯಾನಿನ ವಿಷಯ ತಿಳಿಸಿದರೆ ಆ ಕಡೆಯದನ್ನು ಮುಂದುವರಿಸೋಣ.