ಬೆಳಕು ಮೊದಲಾ, ತಿಂಡಿ ಮೊದಲಾ? ಭಾನುವಾರದ ಫೋಟೋ ಸುತ್ತಾಟದ ಅನುಭವ ಹೇಳಿ

ಕೇಳಿದವರು: ಊರು ಹಾಸನ, ಸದ್ಯಕ್ಕೆ ಬೆಂಗಳೂರಿನ ವಿಜಯನಗರ

ನಮಸ್ಕಾರ. ಮದುವೆಯಾಗಿ ಎಂಟು ತಿಂಗಳಾಯಿತು. ಇಬ್ಬರದ್ದೂ ಹಾಸನ, ಇಬ್ಬರಿಗೂ ಕೆಲಸ ಬೆಂಗಳೂರಲ್ಲಿ. ನಮ್ಮ ಯಜಮಾನರು ದೀಪಾವಳಿ ಬೋನಸ್‌ನಲ್ಲಿ ಒಂದು ಕ್ಯಾಮರಾ ತಗೊಂಡರು. ಕಷ್ಟ ಶುರುವಾಗಿದ್ದೇ ಅವತ್ತಿಂದ. ಪ್ರತಿ ಭಾನುವಾರ ಐದು ಗಂಟೆಗೆ ಎಬ್ಬಿಸುತ್ತಾರೆ. "ಬೆಳಕು ಹೋಗುತ್ತೆ, ಬೇಗ ಬಾ" ಅನ್ನುತ್ತಾರೆ. ನಾನು ಸೀರೆ ಉಟ್ಟು, ಹೂ ಮುಡಿದು, ಹಸಿದ ಹೊಟ್ಟೆಯಲ್ಲಿ ಹೋಗುತ್ತೇನೆ.

ಕಳೆದ ವಾರ ಲಾಲ್‌ಬಾಗ್‌ಗೆ ಹೋಗಿ ಬಂದು ಲೆಕ್ಕ ಹಾಕಿದೆ. ಒಟ್ಟು 214 ಫೋಟೋ. ಅದರಲ್ಲಿ ಪಾರಿವಾಳ 160. ಎಲೆ ಮೇಲಿನ ನೀರಿನ ಹನಿ 40. ಹೆಂಡತಿ 14. ಆ ಹದಿನಾಲ್ಕರಲ್ಲಿ ಹನ್ನೊಂದರಲ್ಲಿ ನನ್ನ ಕಣ್ಣು ಮುಚ್ಚಿದೆ. ಉಳಿದ ಮೂರರಲ್ಲಿ ಕಣ್ಣು ತೆರೆದಿದೆ, ಆದರೆ ನೋಡಿದರೆ ನನಗೇ ಭಯವಾಗುತ್ತದೆ. ಅವತ್ತು ಮನೆ ಸೇರುವ ತನಕ ಇಬ್ಬರೂ ಮಾತಾಡಲಿಲ್ಲ.

ಸುತ್ತಾಟ ನನಗೂ ಇಷ್ಟ. ಜಗಳ ಇಷ್ಟವಿಲ್ಲ, ಅಷ್ಟೆ. ನೀವೆಲ್ಲ ಹೇಗೆ ನಿಭಾಯಿಸುತ್ತೀರಿ? ಊರಿಗೆ ಬಂದಾಗ ಹತ್ತಿರದಲ್ಲಿ ಎಲ್ಲಿಗೆ ಹೋಗಬಹುದು ಅಂತಲೂ ಹೇಳಿ.

ಹಾಸನದ ವಿದ್ಯಾನಗರದಿಂದ, ಒಂಬತ್ತು ವರ್ಷ ಬೆಂಗಳೂರಲ್ಲಿದ್ದು ವಾಪಸ್ ಬಂದವಳು

ತಂಗಿ, ಬೇಜಾರು ಮಾಡಿಕೊಳ್ಳಬೇಡಿ, ಬೆಳಕಿನ ವಿಷಯದಲ್ಲಿ ನಿಮ್ಮ ಯಜಮಾನರು ಹೇಳುವುದು ಸರಿ. ಇದನ್ನು ಅವರಿಗೆ ಮಾತ್ರ ಹೇಳಬೇಡಿ. ಸೂರ್ಯ ಹುಟ್ಟಿದ ಮೇಲೆ ಒಂದು ಗಂಟೆ ಬಿಸಿಲು ಓರೆಯಾಗಿ, ಮೆತ್ತಗೆ ಬೀಳುತ್ತದೆ. ಒಂಬತ್ತು ದಾಟಿತೋ, ಮೇಲಿನಿಂದ ಬಿದ್ದು ಕಣ್ಣಿನ ಕೆಳಗೆ, ಮೂಗಿನ ಕೆಳಗೆ ಕಪ್ಪು ನೆರಳು ಬಳಿಯುತ್ತದೆ. ನನ್ನ ನಾದಿನಿ ಒಂದು ಸಲ ಮಧ್ಯಾಹ್ನ ಹನ್ನೆರಡಕ್ಕೆ ಫೋಟೋ ತೆಗೆಸಿಕೊಂಡು ಊರಿಗೆ ಕಳಿಸಿದ್ದಳು. ನಮ್ಮತ್ತೆ ಗಾಬರಿಯಿಂದ ಫೋನ್ ಮಾಡಿ "ಅಲ್ಲಿ ಊಟ ಸರಿಯಾಗಿ ಹಾಕ್ತಾರೇನೇ" ಅಂತ ಕೇಳಿದರು.

ಕಣ್ಣು ಮುಚ್ಚುವುದು ನಿಮ್ಮ ತಪ್ಪಲ್ಲ. ಸೂರ್ಯನ ಕಡೆ ಮುಖ ಮಾಡಿ ನಿಲ್ಲಿಸಿದರೆ ಯಾರು ಕಣ್ಣು ಬಿಡುತ್ತಾರೆ? ಬಿಸಿಲಿಗೆ ಬೆನ್ನು ಅಥವಾ ಪಕ್ಕ ಮಾಡಿ ನಿಲ್ಲಿ. ಮುಡಿದ ಹೂವಿನ ಅಂಚು, ಕೂದಲು ಹೊಳೆಯುತ್ತದೆ. ಮುಖ ಕಪ್ಪಾಗಿ ಬಂದರೆ ಬೆಳಕು ಸ್ವಲ್ಪ ಏರಿಸಿಕೊಳ್ಳಲು ಹೇಳಿ. ಫೋನಾದರೆ ಪರದೆಯಲ್ಲಿ ಮುಖದ ಮೇಲೆ ಒಂದು ಸಲ ಮುಟ್ಟಿದರೆ ಸಾಕು. ಅವರು "ಒಂದು, ಎರಡು" ಅನ್ನುವಾಗ ಕಣ್ಣು ಮುಚ್ಚಿಕೊಂಡೇ ಇರಿ, "ಮೂರು" ಅಂದಾಗ ತೆರೆಯಿರಿ. ನನಗೆ ಇದು ಗೊತ್ತಾಗಲು ಆರು ವರ್ಷ ಬೇಕಾಯಿತು. ಇನ್ನೊಂದು, ಹೊರಡುವ ಮೊದಲು ಲೆನ್ಸ್ ಒರೆಸಿ. ನಮ್ಮನೆಯವರು ಒಂದು ವರ್ಷ "ಎಷ್ಟು ಮೃದುವಾಗಿ ಬಂದಿದೆ ನೋಡು" ಎಂದು ಖುಷಿ ಪಟ್ಟಿದ್ದರು. ಅದು ಕೊಬ್ಬರಿ ಎಣ್ಣೆ.

ಇನ್ನು ಪಾರಿವಾಳದ ವಿಷಯ. ಪಾರಿವಾಳದ ಜೊತೆ ಜಗಳ ಆಡಿದರೆ ಗೆಲ್ಲುವುದಿಲ್ಲ, ನಾನು ಆಡಿ ನೋಡಿದ್ದೇನೆ. ನಾವು ಮಾಡಿಕೊಂಡ ಒಪ್ಪಂದ ಹೀಗಿತ್ತು: ಸೂರ್ಯ ಹುಟ್ಟಿದ ಮೇಲಿನ ಮೊದಲ ಅರ್ಧ ಗಂಟೆ ನನ್ನದು. ಆ ಹೊತ್ತಲ್ಲಿ ಪಾರಿವಾಳ ಬಂದು ಹೆಗಲ ಮೇಲೆ ಕೂತರೂ ಅವರು ಆ ಕಡೆ ತಿರುಗಬಾರದು. ಆಮೇಲಿನ ಒಂದು ಗಂಟೆ ಅವರದು. ನಾನು ಕಾಫಿ ಕುಡಿದುಕೊಂಡು ಬೆಂಚಿನ ಮೇಲೆ ಕೂರುತ್ತೇನೆ, ಒಂದು ಸಲವೂ "ಆಯ್ತಾ ರೀ" ಅನ್ನಬಾರದು. ಮೊದಲ ನಿಯಮ ಅವರು ಪಾಲಿಸಿದರು. ಎರಡನೆಯದು ನನಗೆ ಇವತ್ತಿಗೂ ಕಷ್ಟ.

ಜಾಗದ ಬಗ್ಗೆ ಹೇಳುವುದಾದರೆ, ಲಾಲ್‌ಬಾಗ್‌ನಲ್ಲಿ ಗಾಜಿನ ಮನೆ ಮುಂದೆ ಎಲ್ಲರೂ ನಿಲ್ಲುತ್ತಾರೆ. ಅದು 1889ರಿಂದ ಅಲ್ಲೇ ಇದೆ, ಎಲ್ಲೂ ಹೋಗುವುದಿಲ್ಲ. ನೀವು ಮೊದಲು ಬಂಡೆ ಹತ್ತಿ. ಸುಮಾರು 300 ಕೋಟಿ ವರ್ಷ ಹಳೆಯ ಕಲ್ಲು, ಮೇಲೆ ಕೆಂಪೇಗೌಡರ ಗೋಪುರ. ಬೆಳಗ್ಗೆ ಅಲ್ಲಿ ಬೆಳಕನ್ನು ತಡೆಯಲು ಮರವೂ ಇಲ್ಲ, ಕಟ್ಟಡವೂ ಇಲ್ಲ. ಕಬ್ಬನ್ ಪಾರ್ಕ್ ಒಳಗೆ ಭಾನುವಾರ ಗಾಡಿ ಬಿಡುವುದಿಲ್ಲ, ರಸ್ತೆ ಮಧ್ಯೆ ನಿಂತು ತೆಗೆಸಿಕೊಳ್ಳಬಹುದು. ಜನವರಿಯಿಂದ ಮಾರ್ಚ್ ಒಳಗೆ ಗುಲಾಬಿ ಬಣ್ಣದ ಟಬೆಬುಯಾ ಹೂ ಬಿಟ್ಟಾಗ ಹೋದರೆ ಅರ್ಧ ಬೆಂಗಳೂರೇ ಮರದ ಕೆಳಗಿರುತ್ತದೆ. ಹಾಗಾಗಿ ಬೇಗ ಹೋಗಿ. ಭಾನುವಾರ ಮೆಟ್ರೋ ಶುರುವಾಗುವುದೇ ಏಳು ಗಂಟೆಗೆ. ಮೆಟ್ರೋ ನಂಬಿದರೆ ಬೆಳಕು ಅರ್ಧ ಮುಗಿದಿರುತ್ತದೆ.

ಹಸಿವಿಗೆ ಕೈಚೀಲದಲ್ಲಿ ಎರಡು ಬಾಳೆಹಣ್ಣು, ನಾಲ್ಕು ಕೋಡುಬಳೆ. ತಿಂಡಿ ಆಮೇಲೆ.

ಹಾಸನ, ಬಿ.ಎಂ. ರಸ್ತೆಯಿಂದ

ಮೇಲಿನ ಅಕ್ಕನ ಮಾತು ಎಲ್ಲ ಒಪ್ಪಿದೆ, ಕಡೆಯ ಸಾಲು ಬಿಟ್ಟು. ತಿಂಡಿ ಮೊದಲು. ಕೋಡುಬಳೆಯಲ್ಲಿ ಸಂಸಾರ ನಡೆಯುವುದಿಲ್ಲ.

ನಾನೂ ಬೆಳಕಿನ ಪಕ್ಷದಲ್ಲೇ ಇದ್ದವನು. ಬಸವನಗುಡಿಯಲ್ಲಿ ಒಂದು ಹಳೇ ಮನೆಯ ಕಿಟಕಿ ಸಿಕ್ಕಿತ್ತು. ಬೆಳಕು ಬರುತ್ತಿದೆ, ಹೋಗುತ್ತಿದೆ, ನಾನು ಕಾಯುತ್ತಿದ್ದೇನೆ. ಹೆಂಡತಿ ಮೂರು ಸಲ "ತಟ್ಟೆ ಇಡ್ಲಿ" ಅಂದಳು. ನಾನು ಮೂರು ಸಲ "ಎರಡೇ ನಿಮಿಷ" ಅಂದೆ. ತಿರುಗಿ ನೋಡಿದರೆ ಆಸಾಮಿ ಇಲ್ಲ. ಮೆಜೆಸ್ಟಿಕ್ ಬಸ್ ಹತ್ತಿ ಹೋಗಿದ್ದಳು. ಮನೆ ಬೀಗದ ಕೈ ನನ್ನ ಕ್ಯಾಮರಾ ಬ್ಯಾಗಲ್ಲಿತ್ತು. ನಾನು ಹೋಗಿ ಸೇರುವ ತನಕ ಒಂದು ಗಂಟೆ ಬಾಗಿಲ ಮುಂದೆ ಕೂತಿದ್ದಳು. ಆ ಒಂದು ಗಂಟೆಯಲ್ಲಿ ಕೆಳಗಿನ ಮನೆ, ಮೇಲಿನ ಮನೆ, ಹಾಲಿನವನು, ಎಲ್ಲರಿಗೂ ವಿಷಯ ಗೊತ್ತಾಗಿತ್ತು. ಕೆಳಗಿನ ಮನೆ ಅಜ್ಜಿ ಇಡ್ಲಿ ಕೊಟ್ಟಿದ್ದರಂತೆ. ನಾನು ಎದುರಿಗೆ ಸಿಕ್ಕಾಗಲೆಲ್ಲ ಅವರು ಇವತ್ತೂ "ಫೋಟೋ ಚೆನ್ನಾಗಿ ಬಂತೇನಪ್ಪಾ" ಅನ್ನುತ್ತಾರೆ.

ಕಿಟಕಿ ಫೋಟೋ ಚೆನ್ನಾಗಿಯೇ ಬಂದಿತ್ತು. ಮನೆಯಲ್ಲಿ ಹಾಕಲು ಬಿಟ್ಟಿಲ್ಲ.

ಬೆಂಗಳೂರಲ್ಲಿ ಬೆಳಗ್ಗೆ ಆರಕ್ಕೇ ದರ್ಶಿನಿಗಳು ತೆರೆದಿರುತ್ತವೆ. ನಿಂತುಕೊಂಡು ತಿಂದರೆ ಹತ್ತೇ ನಿಮಿಷ. ಹತ್ತು ನಿಮಿಷದಲ್ಲಿ ಸೂರ್ಯ ಎಲ್ಲಿಗೂ ಓಡಿ ಹೋಗುವುದಿಲ್ಲ.

ಚಿಕ್ಕಮಗಳೂರು, ತೋಟದ ಮನೆಯಿಂದ

ತಿಂಡಿ ಜಗಳ ನೀವು ಮುಗಿಸಿಕೊಳ್ಳಿ. ನಾನು ಊರಿಗೆ ಬಂದಾಗಿನ ಮಾತು ಹೇಳುತ್ತೇನೆ.

ಬೆಂಗಳೂರಿನಿಂದ ಬರುವ ಜೋಡಿಗಳಿಗೆಲ್ಲ ಕಾಫಿ ಹೂವಿನ ಫೋಟೋ ಬೇಕು. ಬೇಸಿಗೆಯಲ್ಲಿ ಹೂ ಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಗಿಡ ತುಂಬ ಬೆಳ್ಳಗೆ ಅರಳುತ್ತದೆ. ಮಲ್ಲಿಗೆಯಂಥ ವಾಸನೆ. ಮೂರು ನಾಲ್ಕು ದಿನಕ್ಕೆ ಕಂದಿ ಹೋಗುತ್ತದೆ. ಅದಕ್ಕೇ "ಮುಂದಿನ ತಿಂಗಳು ಎರಡನೇ ಶನಿವಾರ ಹೂ ಇರುತ್ತಾ" ಎಂದು ಕೇಳಬೇಡಿ. ಮಳೆರಾಯ ನಮಗೇ ಹೇಳುವುದಿಲ್ಲ. ಗೊತ್ತಿರುವ ತೋಟದವರಿಗೆ ಮಳೆ ಬಿದ್ದ ದಿನ ಫೋನ್ ಮಾಡಿ ಲೆಕ್ಕ ಹಾಕಿ.

ಬಂದ ಮೇಲೆ ರಸ್ತೆ ಬದಿ ಕಾರು ನಿಲ್ಲಿಸಿ ಬೇಲಿ ದಾಟಿ ನುಗ್ಗಬೇಡಿ. ಆ ನಾಲ್ಕು ದಿನ ನಮಗೆ ವರ್ಷದ ದುಡಿಮೆ. ಅರಳಿದ ಗಿಡಕ್ಕೆ ಒರಗಿ ನಿಂತರೆ ಹೂವಿನ ಜೊತೆ ಕಾಯಿಯೂ ಹೋದಂತೆ. ಹೋದ ವರ್ಷ ಒಂದು ಜೋಡಿ ಕೇಳದೆ ನುಗ್ಗಿತ್ತು. ಆ ಹುಡುಗ "ಇನ್ನೂ ಒಳಗೆ ಹೋಗು, ಇನ್ನೂ ಒಳಗೆ" ಅನ್ನುತ್ತಿದ್ದ. ನಾನು ಬೈಯಲು ಬಾಯಿ ತೆರೆಯುವ ಮೊದಲೇ ಆ ಹುಡುಗಿ ಕಿರುಚಿಕೊಂಡು ಓಡಿ ಬಂದಳು. ಚಗಳಿ. ರೊಬಸ್ಟಾ ಜಾತಿಯ ಕಾಫಿ ಗಿಡದಲ್ಲಿ ಎಲೆ ಹೊಲಿದು ಗೂಡು ಕಟ್ಟುವ ಕೆಂಪು ಇರುವೆ. ನಾವು ಅದರ ಚಟ್ನಿ ಮಾಡುತ್ತೇವೆ, ಅವಕಾಶ ಸಿಕ್ಕರೆ ಅದು ನಮ್ಮ ಚಟ್ನಿ ಮಾಡುತ್ತದೆ. ಮನೆಯೊಳಗೆ ಕರೆದು ಕಾಫಿ ಕೊಟ್ಟೆ. ಹುಡುಗ ಫೋಟೋ ತೋರಿಸಿದ. ಓಡಿ ಬರುತ್ತಿರುವುದೊಂದೇ ಚೆನ್ನಾಗಿ ಬಂದಿತ್ತು.

ಮುಳ್ಳಯ್ಯನಗಿರಿಗೆ ಹೋಗುವುದಾದರೆ ತಲೆ ಬಾಚಲು ಸಮಯ ಹಾಳು ಮಾಡಬೇಡಿ. 1,930 ಮೀಟರ್ ಎತ್ತರದಲ್ಲಿ ಗಾಳಿ ತನಗೆ ಬೇಕಾದ ಹಾಗೆ ಬಾಚುತ್ತದೆ. ಮಳೆಗಾಲದಲ್ಲಿ ಮಂಜು ಬಿದ್ದರೆ ಇಬ್ಬರೂ ಹಾಲಿನ ಪ್ಯಾಕೆಟ್ ಒಳಗೆ ನಿಂತ ಹಾಗೆ ಫೋಟೋ ಬರುತ್ತದೆ. ಸಂಜೆಗೆ ಹಿರೇಕೊಳಲೆ ಕೆರೆ ಸಾಕು, ಏರಿ ಮೇಲೆ ಕೂತರೆ ಬೆಟ್ಟ, ನೀರು, ಸೂರ್ಯ ಮೂರೂ ಸಿಗುತ್ತವೆ.

ಬೇಲೂರು ಕಡೆಯಿಂದ

ಬೇಲೂರು, ಹಳೇಬೀಡು ಬಿಟ್ಟಿರಲ್ಲ! ಸೋಮನಾಥಪುರದ ಜೊತೆ ಇವು 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿವೆ. ಎರಡು ವಿಷಯ ನೆನಪಿಟ್ಟುಕೊಳ್ಳಿ. ಟ್ರೈಪಾಡ್‌ಗೆ ಮೊದಲೇ ಅನುಮತಿ ಬೇಕು, ಸುಮ್ನೆ ಹೊತ್ತುಕೊಂಡು ಬಂದರೆ ಗೇಟಿನಲ್ಲೇ ಜಗಳ ಶುರು. ಎರಡನೆಯದು, ಬರಿಗಾಲು. ಮಧ್ಯಾಹ್ನ ಜಗಲಿಯ ಕಲ್ಲು ಕಾವಲಿ ಹಾಗೆ ಕಾದಿರುತ್ತದೆ. "ಅಲ್ಲೇ ನಿಲ್ಲು, ಅಲುಗಾಡಬೇಡ" ಎಂದು ಹೆಂಡತಿಗೆ ಹೇಳುವ ಜಾಗ ಅದಲ್ಲ. ಕಾಲುಚೀಲ ತನ್ನಿ.

ಹಳೇಬೀಡಿನಲ್ಲಿ ದೊಡ್ಡ ದೊಡ್ಡ ಶಿಲ್ಪಗಳಿರುವುದು ಹಿಂಭಾಗದ ಪಶ್ಚಿಮದ ಗೋಡೆಯಲ್ಲಿ. ಬೆಳಗ್ಗೆ ಅಲ್ಲಿ ನೆರಳು. ನಾಲ್ಕು ಗಂಟೆ ಮೇಲೆ ಓರೆ ಬಿಸಿಲು ಬಿದ್ದಾಗ ಒಂದೊಂದು ಆಭರಣವೂ ಎದ್ದು ಕಾಣುತ್ತದೆ. ಅಂದರೆ ಬೆಳಗ್ಗೆ ಬೇಲೂರು, ಮಧ್ಯಾಹ್ನ ಊಟ, ಸಂಜೆ ಹಳೇಬೀಡು. ತಿಂಡಿ ಪಕ್ಷ, ಬೆಳಕಿನ ಪಕ್ಷ ಎರಡಕ್ಕೂ ಒಪ್ಪಿಗೆಯಾಗಬಹುದು.

ಬೇಲೂರಲ್ಲಿ ಕನ್ನಡಿ ಹಿಡಿದ ದರ್ಪಣ ಸುಂದರಿಯನ್ನು ತೋರಿಸಿ ನಾನು ಬುದ್ಧಿವಂತನ ಹಾಗೆ ಹೇಳಿದ್ದೆ: "ನೋಡು, 900 ವರ್ಷದಿಂದ ಒಂದೇ ಭಂಗಿಯಲ್ಲಿ ನಿಂತಿದ್ದಾಳೆ, ಒಂದು ದಿನ ಬೇಗ ತೆಗೀರಿ ಅಂದಿಲ್ಲ." ನಮ್ಮನೆಯವಳು ತಕ್ಷಣ ಹೇಳಿದಳು: "ಅವಳಿಗೆ ಮನೆಗೆ ಹೋಗಿ ಅನ್ನಕ್ಕಿಡೋದು ಇರಲಿಲ್ಲ."

ಸಕಲೇಶಪುರದಿಂದ

ಮಂಜರಾಬಾದ್ ಕೋಟೆ ನಕ್ಷತ್ರದ ಆಕಾರದಲ್ಲಿದೆ ನಿಜ, ಎಂಟು ಮೂಲೆ, ಟಿಪ್ಪು ಕಟ್ಟಿಸಿದ್ದು. ಆದರೆ ನಕ್ಷತ್ರ ಕಾಣುವುದು ಆಕಾಶದಿಂದ ನೋಡಿದರೆ. ನಮ್ಮ ಭಾವ ಗೋಡೆ ಮೇಲೆ ನಿಂತು ಎರಡು ಗಂಟೆ ಹುಡುಕಿದರು. ಅಕ್ಕ ಕೆಳಗೆ ಕೂತು ಒಂದು ಪೊಟ್ಟಣ ಕಡಲೆಕಾಯಿ ಮುಗಿಸಿದಳು.

ಹಾಸನ, ನಿವೃತ್ತ ಮೇಷ್ಟ್ರು

ಮಗಳೇ, 214 ಫೋಟೋ ಅಂದರೆ ನಮ್ಮ ಕಾಲದಲ್ಲಿ ಆರು ರೀಲು. ನಾವು 1989ರಲ್ಲಿ ಮದುವೆಯಾದ ಹೊಸತರಲ್ಲಿ ಬೆಂಗಳೂರು ನೋಡಲು ಹೋಗಿದ್ದೆವು. ತಮ್ಮನ ಹಾಟ್‌ಶಾಟ್ ಕ್ಯಾಮರಾ ಎರವಲು ತಂದಿದ್ದೆ. 36ರ ರೀಲು ಒಂದೇ. ಅದಕ್ಕೇ ಒಂದೊಂದಕ್ಕೂ ಇಬ್ಬರೂ ಚರ್ಚೆ ಮಾಡಿ ತೆಗೆಯುತ್ತಿದ್ದೆವು. ಲಾಲ್‌ಬಾಗ್, ವಿಧಾನಸೌಧ, ಕಬ್ಬನ್ ಪಾರ್ಕ್. ನಮ್ಮವಳು ಮೂರು ಸೀರೆ ತಂದಿದ್ದಳು, ಮೂರಕ್ಕೂ ಸಮನಾಗಿ ಹನ್ನೆರಡು ಫೋಟೋ ಅಂತ ಕರಾರು.

ಹಾಸನಕ್ಕೆ ಬಂದು ಸ್ಟುಡಿಯೋಗೆ ಕೊಟ್ಟೆ. ಅವರು ನನ್ನನ್ನು ಒಳಗೆ ಕರೆದು ಮೆತ್ತಗೆ ಹೇಳಿದರು, ರೀಲು ಸುತ್ತಿಕೊಂಡೇ ಇರಲಿಲ್ಲವಂತೆ. ಕ್ಯಾಮರಾ ಒಳಗಿನ ಹಲ್ಲಿಗೆ ರೀಲು ಸಿಕ್ಕಿಸುವುದನ್ನು ನಾನು ಸರಿಯಾಗಿ ಮಾಡಿರಲಿಲ್ಲ. ಒಂದೂ ಬಿದ್ದಿಲ್ಲ. ಮನೆಗೆ ಹೋಗಿ ಹೇಳಲು ಮೂರು ದಿನ ತಗೊಂಡೆ.

ಈಗಲೂ ಕರೆಂಟ್ ಹೋದಾಗ ಆ ಫೋಟೋಗಳನ್ನು ನೆನಪು ಮಾಡಿಕೊಳ್ಳುತ್ತೇವೆ. ಹಸಿರು ಸೀರೆಯದು, ಬಂಡೆ ಮೇಲಿನದು, ಐಸ್‌ಕ್ರೀಂ ಬಿದ್ದಿದ್ದು. ಎಣಿಸಿದರೆ ಐವತ್ತರ ಮೇಲಾಗುತ್ತದೆ. ಅವಳು ಒಂದನ್ನೂ ಬಿಟ್ಟುಕೊಡುವುದಿಲ್ಲ.

ಶೆಟ್ಟಿಹಳ್ಳಿ ಚರ್ಚ್‌ಗೆ ಹೋಗಿ. ಹಾಸನದಿಂದ ಸುಮಾರು 20 ಕಿಲೋಮೀಟರ್. ಹೇಮಾವತಿ ಹಿನ್ನೀರು ಇಳಿದ ಮೇಲೆ, ಬೇಸಿಗೆಯಲ್ಲಾದರೆ ಹತ್ತಿರ ನಡೆದು ಹೋಗಬಹುದು. ಮಳೆಗಾಲದಲ್ಲಿ ಅರ್ಧ ಮುಳುಗಿರುತ್ತದೆ, ದೂರದಿಂದ ಅದೂ ಚೆಂದ. 1860ರ ದಶಕದ ಗೋಡೆಗಳು, ಸಡಿಲವಾಗಿವೆ. ಫೋಟೋಗೆಂದು ಹತ್ತಬೇಡಿ.

ಕೇಳಿದವರು, ಎರಡು ವಾರದ ಮೇಲೆ

ಎಲ್ಲರಿಗೂ ಥ್ಯಾಂಕ್ಸ್. ಮನೆಯಲ್ಲಿ ಓದಿ ಹೇಳಿದೆ. ಬೀಗದ ಕೈ ಕತೆ ಕೇಳಿ ಯಜಮಾನರು ನಕ್ಕರು. ಆಮೇಲೆ ಸುಮ್ಮನೆ ಎದ್ದು ಹೋಗಿ ಇನ್ನೊಂದು ಕೀ ಮಾಡಿಸಿಕೊಂಡು ಬಂದರು.

ಈ ಭಾನುವಾರ ಕೆ.ಆರ್. ಮಾರ್ಕೆಟ್‌ಗೆ ಹೋದೆವು. ಐದೂವರೆಗೆ ಗಾಡಿ ಬದಿಯಲ್ಲಿ ಇಡ್ಲಿ ತಿಂದೆವು. ಇಬ್ಬರೂ ತಿಂದಿದ್ದೆವು, ಇಬ್ಬರಿಗೂ ಬೆಳಕು ಸಿಕ್ಕಿತು, ಯಾವ ಪಕ್ಷ ಗೆದ್ದಿತು ಅಂತ ನೀವೇ ಹೇಳಿ. ಮೇಲಿನ ಮಹಡಿಯಿಂದ ಕೆಳಗೆ ನೋಡಿದರೆ ಹೂವಿನ ಗುಡ್ಡೆಗಳು, ಹಳದಿ, ಕೆಂಪು, ಬಿಳಿ. ಅರ್ಧ ಗಂಟೆ ನನ್ನದು ಅಂತ ಮೊದಲೇ ಹೇಳಿದ್ದೆ. ಮೂರು ಅಂದಾಗ ಕಣ್ಣು ತೆರೆದೆ. ಸೇವಂತಿಗೆ ರಾಶಿ ಮುಂದೆ ತೆಗೆದ ಒಂದು ಫೋಟೋ ನಿಜವಾಗಲೂ ಚೆನ್ನಾಗಿ ಬಂತು. ಆಮೇಲೆ ಒಂದು ಗಂಟೆ ಅವರದು. ಮಾರ್ಕೆಟ್‌ನಲ್ಲೂ ಪಾರಿವಾಳಗಳಿವೆ. ನಾನು "ಆಯ್ತಾ" ಅಂದಿದ್ದು ಎರಡೇ ಸಲ.

ಆ ಫೋಟೋವನ್ನು ಯಜಮಾನರು ಹೆಮ್ಮೆಯಿಂದ ಹಾಸನಕ್ಕೆ, ಅತ್ತೆಗೆ ಕಳಿಸಿದರು. ಹತ್ತು ನಿಮಿಷ ಉತ್ತರವಿಲ್ಲ. ಆಮೇಲೆ ಧ್ವನಿ ಸಂದೇಶ ಬಂತು. "ಹಿಂದಿರೋ ಸೇವಂತಿಗೆ ಮಾರು ಎಷ್ಟಂತೆ? ಇಲ್ಲಿ ಕಟ್ಟಿನಕೆರೆ ಮಾರ್ಕೆಟ್‌ನಲ್ಲಿ ಬಾಯಿಗೆ ಬಂದಷ್ಟು ಹೇಳ್ತಾರೆ."

ಇಬ್ಬರೂ ಕೇಳಿರಲಿಲ್ಲ. ಮುಂದಿನ ವಾರ ಊರಿಗೆ ಹೋಗುವಾಗ ಹತ್ತು ಮಾರು ತರಬೇಕಂತೆ.